ಕ್ಯಾನ್ಸರ್ ಚಿಕಿತ್ಸೆಯ ಬಾಯಿಹುಣ್ಣು: ತೋಟದಿಂದ ಏನು ತರಬಹುದು, ಏನು ತರಬಾರದು

ಕಳೆದ ವಾರ ಶುಂಠಿಯ ಕೊಳೆ ರೋಗದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಮುಂಡಗೋಡ ಕಡೆಯ ಹುಡುಗನೊಬ್ಬ ವಾಟ್ಸಾಪ್ ಮಾಡಿದ್ದ. ಪ್ರಶ್ನೆ ಶುಂಠಿಯದ್ದಲ್ಲ. "ಅಣ್ಣಾ, ಅಮ್ಮನಿಗೆ ಕಿಮೋ ನಡೀತಿದೆ. ಬಾಯಿ ತುಂಬ ಹುಣ್ಣು, ನೀರೂ ಇಳೀತಿಲ್ಲ. ಲೋಳೆಸರ ಹಚ್ಚಿದ್ರೆ ವಾಸಿ ಆಗುತ್ತೆ ಅಂತಾರೆ. ನಿಮ್ಮಲ್ಲಿ ಸಾವಯವದ್ದು ಇದೆಯಲ್ಲ, ಬಸ್ಸಿಗೆ ಹಾಕಿ ಕಳಿಸ್ತೀರಾ?"

ನಾನು ಕಳಿಸಲಿಲ್ಲ. ಫೋನ್ ಮಾಡಿ ಮೊದಲು ಆಸ್ಪತ್ರೆಗೆ ತಿಳಿಸು ಅಂದೆ. ಲೋಳೆಸರ ಯಾಕೆ ಕಳಿಸಲಿಲ್ಲ ಅನ್ನೋದನ್ನ ಇಲ್ಲಿ ಎಲ್ಲರಿಗೂ ಬರೀತಿದ್ದೀನಿ. ಇಂಥ ಪ್ರಶ್ನೆ ಕೇಳಿದವರಲ್ಲಿ ಅವನೇ ಮೊದಲಿಗನಲ್ಲ. ನಾವು ಬೆಳೆಗಾರರು ಅಂತ ಗೊತ್ತಾದರೆ ಸಾಕು, ಊರಿನವರು ಔಷಧಿಗೂ ನಮ್ಮ ಹಿತ್ತಲನ್ನೇ ನೋಡ್ತಾರೆ.

ಲೋಳೆಸರದ ಪಾಠ ನಾನು ಕಲಿತದ್ದು ದೊಡ್ಡಪ್ಪನ ಬಾಯಿಯಲ್ಲಿ. ಅವರಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್. ಆಪರೇಷನ್ ಆದಮೇಲೆ ರೇಡಿಯೇಷನ್ ಅಂದರು: ವಾರಕ್ಕೆ ಐದು ದಿನ, ಆರು ವಾರ. ಅಂಬಿಕಾನಗರದಿಂದ ದಾಂಡೇಲಿ, ಹಳಿಯಾಳ ದಾಟಿ ಹುಬ್ಬಳ್ಳಿಗೆ ದಿನಾ ಓಡಾಡೋದು ಆಗದ ಮಾತು. ಅಲ್ಲೇ ಒಂದು ಕೋಣೆ ಹಿಡಿದು, ವಾರದ ಕೊನೆಗೆ ಮನೆಗೆ ಕರಕೊಂಡು ಬರ್ತಿದ್ದೆ. ಮೊದಲೆರಡು ವಾರ ಆರಾಮ ಇದ್ದರು. ಮೂರನೇ ಶನಿವಾರ ಮನೆಗೆ ಬಂದವರು ಊಟದ ತಟ್ಟೆಯನ್ನು ಹಾಗೇ ದೂಡಿಬಿಟ್ಟರು. ಟಾರ್ಚ್ ಹಾಕಿ ನೋಡಿದರೆ ನಾಲಿಗೆಯ ಅಂಚು, ಕೆನ್ನೆ, ಅಂಗಳ ಎಲ್ಲಾ ಕೆಂಪು, ಮೇಲೆ ಬಿಳಿ ಪೊರೆ.

ತೋಟಗಾರಿಕೆ ಓದಿದ ಧೈರ್ಯ ನೋಡಿ, ನೇರ ಹಿತ್ತಲಿಗೆ ಹೋಗಿ ಲೋಳೆಸರದ ದಪ್ಪ ಎಲೆ ಕೊಯ್ದು, ಸೀಳಿ, ಲೋಳೆಯನ್ನು ಅವರ ಕೆನ್ನೆಗೆ ಸವರಿದೆ. ಅವರು ಚೀರಿದ್ದು ಪಕ್ಕದ ಮನೆಗೂ ಕೇಳಿತು. ಸಿಪ್ಪೆಯ ಕೆಳಗೆ ಇರುವ ಹಳದಿ ಹಾಲನ್ನು ನಾನು ಸೋರಲು ಬಿಟ್ಟಿರಲಿಲ್ಲ. ಅದರಲ್ಲಿರೋದು ಅಲೋಯಿನ್. ಕಹಿ, ಉರಿ, ಹೊಟ್ಟೆಗೆ ಹೋದರೆ ಭೇದಿ. ಎಲೆಯನ್ನು ತೊಳೆದದ್ದೂ ಬರೀ ತಣ್ಣೀರಲ್ಲಿ. ಅವತ್ತು ಸಂಜೆವರೆಗೆ ದೊಡ್ಡಪ್ಪ ನೀರಿಗೂ ಬಾಯಿ ತೆರೆಯಲಿಲ್ಲ. ಉಣ್ಣಿಸೋಕೆ ಅಂತ ಹೋದವನು ಒಂದು ದಿನದ ಊಟವನ್ನೇ ಕಳೆದಿದ್ದೆ.

ಹುಣ್ಣು ಯಾಕೆ ಆಗುತ್ತೆ

ಬಾಯಿಯ ಒಳಚರ್ಮ ಒಂದೆರಡು ವಾರಕ್ಕೊಮ್ಮೆ ಹೊಸದಾಗ್ತಾ ಇರುತ್ತೆ. ಕಿಮೋ ಔಷಧಿ, ರೇಡಿಯೇಷನ್ ಎರಡೂ ಬೇಗ ಬೇಗ ಬೆಳೆಯುವ ಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶದ ಜೊತೆಗೆ ಈ ಒಳಚರ್ಮದ ಕೋಶಗಳೂ ಸಾಯುತ್ತವೆ. ಹಳೇದು ಸವೆಯುತ್ತೆ, ಹೊಸದು ಬರಲ್ಲ. ಡಾಕ್ಟರುಗಳು ಇದಕ್ಕೆ ಮ್ಯೂಕೋಸೈಟಿಸ್ ಅಂತಾರೆ. ಕಿಮೋದಲ್ಲಿ ಸಾಮಾನ್ಯವಾಗಿ ಔಷಧಿ ಕೊಟ್ಟ ವಾರದೊಳಗೆ ಶುರುವಾಗಿ ಎರಡು ವಾರದ ಹೊತ್ತಿಗೆ ಮಾಯತೊಡಗುತ್ತೆ. ಬಾಯಿ-ಗಂಟಲಿನ ರೇಡಿಯೇಷನ್‌ನಲ್ಲಿ ಎರಡು-ಮೂರನೇ ವಾರಕ್ಕೆ ಕಾಣಿಸಿ, ಕೊನೆಯ ವಾರಗಳಲ್ಲಿ ಜೋರಾಗಿ, ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಇರುತ್ತೆ.

ಕಸಿ ಕಟ್ಟುವವರಿಗೆ ಇದು ಬೇಗ ಅರ್ಥ ಆಗುತ್ತೆ. ತೊಗಟೆ ಸುಲಿದ ಜಾಗಕ್ಕೆ ನಾವು ಮಣ್ಣಿನ ಕೈ ತಾಗಿಸ್ತೀವಾ? ಚಾಕು ಒರೆಸಿ, ಪಟ್ಟಿ ಸುತ್ತಿ, ನೀರು ಇಳಿಯದ ಹಾಗೆ ನೋಡ್ಕೊಳ್ತೀವಿ. ಈ ಬಾಯಿಯೂ ತೊಗಟೆ ಸುಲಿದ ಕೊಂಬೆಯೇ. ಸಾಲದ್ದಕ್ಕೆ ಕಿಮೋ ತಗೊಂಡವರಲ್ಲಿ ಬಿಳಿ ರಕ್ತಕಣ ಕುಸಿದಿರುತ್ತೆ, ಅಂದರೆ ಒಳಗೆ ಬಂದ ರೋಗಾಣುವನ್ನು ತಡೆಯುವ ಕಾವಲುಗಾರರೂ ಕಡಿಮೆ.

ಹುಣ್ಣು ಬರೀ ನೋವಿನ ವಿಷಯ ಆಗಿದ್ದರೆ ಹಲ್ಲು ಕಚ್ಚಿ ತಡ್ಕೋ ಅನ್ನಬಹುದಿತ್ತು. ಆದರೆ ತಿನ್ನೋಕಾಗದೆ ತೂಕ ಇಳಿದು, ನಿತ್ರಾಣ ಆಗಿ, ರೇಡಿಯೇಷನ್ ನಡುವೆ ನಿಲ್ಲಿಸಬೇಕಾಗಿ ಬಂದರೆ ಚಿಕಿತ್ಸೆಯ ಬಲವೇ ಕುಗ್ಗುತ್ತೆ. ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶ ಮತ್ತೆ ಬೆಳೆಯುತ್ತೆ. ಹಾಗಾಗಿ ತೋಟದಿಂದ ತರುವ ಯಾವುದಕ್ಕೇ ಆಗಲಿ ಕೆಲಸ ಒಂದೇ: ಮನುಷ್ಯ ಉಣ್ಣುತ್ತಾ ಕುಡಿಯುತ್ತಾ ಕೊನೆಯ ಸಿಟ್ಟಿಂಗ್‌ವರೆಗೆ ತಪ್ಪಿಸದೆ ಹೋಗುವ ಹಾಗೆ ಮಾಡೋದು. ಅದಕ್ಕಿಂತ ದೊಡ್ಡ ಕೆಲಸ ಯಾವ ಎಲೆಗೂ ಒಪ್ಪಿಸಬೇಡಿ.

ಮೊದಲು ಉಪ್ಪು-ಸೋಡಾ

ಇದು ತೋಟದ್ದಲ್ಲ, ಅಡುಗೆಮನೆಯದ್ದು. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಯೋಗ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಉಗುರುಬೆಚ್ಚಗೆ ಇರುವಾಗ ಬಾಯಲ್ಲಿ ನಿಧಾನ ಆಡಿಸಿ ಉಗುಳಬೇಕು, ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ ಮುಕ್ಕಳಿಸಬೇಕು. ಪ್ರತಿ ಊಟದ ನಂತರ, ಮಲಗುವ ಮುಂಚೆ, ನಡುವೆ ಎರಡು-ಮೂರು ಗಂಟೆಗೊಮ್ಮೆ. ದಿನಾ ಹೊಸದಾಗಿ ಮಾಡಿ, ಉಳಿದದ್ದನ್ನು ಚೆಲ್ಲಿ. ಸೋಡಾ ಅಂದರೆ ಅಡುಗೆ ಸೋಡಾ ಮಾತ್ರ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಅಂತೂ ಅಲ್ಲವೇ ಅಲ್ಲ, ಅದು ಬಾಯಿ ಸುಡುತ್ತೆ. ಮನೆಯಲ್ಲಿ ಎರಡೂ ಡಬ್ಬಿ ಒಂದೇ ತರ ಇದ್ದರೆ ಮೇಲೆ ಹೆಸರು ಬರೆದು ಅಂಟಿಸಿ.

ಇದು ಹುಣ್ಣನ್ನು ಮಾಯಿಸಲ್ಲ. ಅಂಟು ಜೊಲ್ಲು ಸಡಿಲ ಮಾಡಿ, ಅನ್ನದ ಅಗುಳು ಕೂರದ ಹಾಗೆ ಬಾಯಿಯನ್ನು ಚೊಕ್ಕ ಇಡುತ್ತೆ. ಮೆದು ಬ್ರಷ್ ಬಳಸಿ. ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಇರುವ ಬಣ್ಣದ ಮೌತ್‌ವಾಶ್ ಉರಿಸುತ್ತೆ, ಬೇಡ. ಬೆಂಜಿಡಮಿನ್ ಅನ್ನೋ ಮುಕ್ಕಳಿಸುವ ಔಷಧಿ ಇದೆ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಬಹುದು. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕಡಿಮೆ ಶಕ್ತಿಯ ಲೇಸರ್ ಬೆಳಕಿನ ಚಿಕಿತ್ಸೆಯೂ ಇರುತ್ತೆ. ಇದೆಯಾ ಅಂತ ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ.

ಜೇನು: ಕೆಲಸ ಮಾಡುತ್ತೆ, ಆದರೆ…

ತೋಟದ ವಸ್ತುಗಳಲ್ಲಿ ಈ ಹುಣ್ಣಿಗೆ ಹೆಚ್ಚು ಪರೀಕ್ಷೆ ಆಗಿರೋದು ಜೇನುತುಪ್ಪಕ್ಕೆ. 2003ರಲ್ಲಿ ಮಲೇಷ್ಯಾದ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಳ್ಳುತ್ತಿದ್ದ 40 ಜನರ ಮೇಲೆ ನೋಡಿದರು. ಅರ್ಧ ಜನಕ್ಕೆ 20 ಮಿಲಿ ಜೇನು: ರೇಡಿಯೇಷನ್‌ಗೆ 15 ನಿಮಿಷ ಮೊದಲು ಒಮ್ಮೆ, ಆದ 15 ನಿಮಿಷಕ್ಕೆ ಒಮ್ಮೆ, ಆರು ಗಂಟೆ ಬಿಟ್ಟು ಒಮ್ಮೆ. ಬಾಯಲ್ಲೆಲ್ಲಾ ಆಡಿಸಿ ನಿಧಾನ ನುಂಗೋದು. ಜೇನು ತಗೊಂಡವರಲ್ಲಿ ಜೋರು ಹುಣ್ಣಾದದ್ದು ಶೇ 20 ಜನಕ್ಕೆ, ತಗೊಳ್ಳದವರಲ್ಲಿ ಶೇ 75. ಅವರು ಬಳಸಿದ್ದು ಚಹಾ ತೋಟದ ಜೇನು. ಆಮೇಲೆ ಬೇರೆ ಕಡೆಯೂ ಪರೀಕ್ಷೆಗಳಾದವು. 2020ರಲ್ಲಿ ಬಂದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ತಲೆ-ಕುತ್ತಿಗೆಗೆ ರೇಡಿಯೇಷನ್ ತಗೊಳ್ಳುವವರಿಗೆ ಜೇನನ್ನು ಒಂದು ಆಯ್ಕೆಯಾಗಿ ಸೂಚಿಸಿದೆ. ಸಾಕ್ಷ್ಯ ಗಟ್ಟಿ ಅಂತೇನೂ ಹೇಳಿಲ್ಲ, 'ಕೊಡಬಹುದು' ಅನ್ನುವ ಮಟ್ಟದ ಮಾತು.

ಇನ್ನೊಂದು ಮಗ್ಗುಲನ್ನೂ ಹೇಳ್ಬೇಕು. 2012ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ದುಬಾರಿ ಮನುಕಾ ಜೇನನ್ನು ಸಕ್ಕರೆ ಪಾಕದ ಜೊತೆ ಹೋಲಿಸಿ ನೋಡಿದರು. ಹುಣ್ಣಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆನ್‌ಲೈನಿನಲ್ಲಿ ಸಾವಿರಗಟ್ಟಲೆ ಸುರಿದು ಮನುಕಾ ತರಿಸಬೇಡಿ. ಆ ದುಡ್ಡಿಗೆ ತುಪ್ಪ ತನ್ನಿ.

ಹಾಗಂತ ಜೋಯಿಡಾ ಕಾಡಿನ ಹೆಜ್ಜೇನು ತಂದು ಕೊಡೋದಾ? ಇಲ್ಲಿ ಜೇನು ಸಾಕುವವರಿಗೆ ನನ್ನ ಮಾತು ಸ್ವಲ್ಪ ಇರುಸುಮುರುಸು ಆಗಬಹುದು. ಹೆಜ್ಜೇನಿನ ಹುಟ್ಟನ್ನು ಹೊಗೆ ಹಾಕಿ ಕಿತ್ತು, ಕೈಯಲ್ಲಿ ಹಿಂಡಿ ತೆಗೆದ ತುಪ್ಪದಲ್ಲಿ ಮರಿಹುಳದ ರಸ, ಪರಾಗ, ಬೂದಿ ಎಲ್ಲಾ ಇರುತ್ತೆ. ಆರೋಗ್ಯವಂತ ತಿಂದರೆ ತೊಂದರೆ ಇಲ್ಲ. ಹುಣ್ಣಾದ ಬಾಯಿಗೆ, ರಕ್ತಕಣ ಕುಸಿದ ದೇಹಕ್ಕೆ ಅದು ಬೇಡ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನು, ಯಂತ್ರದಲ್ಲಿ ತಿರುಗಿಸಿ ತೆಗೆದು ಸೋಸಿದ್ದು ಆದರೆ ವಾಸಿ. ಅದರಲ್ಲೂ ನಮ್ಮ ಕಡೆ ಮಳೆಗಾಲದ ಹತ್ತಿರ, ಮೇಣ ಮುಚ್ಚುವ ಮೊದಲೇ ತೆಗೆದ ಜೇನಿನಲ್ಲಿ ನೀರಿನಂಶ ಶೇ 20 ದಾಟಿರುತ್ತೆ, ಬೇಗ ಹುಳಿ ಬರುತ್ತೆ. ಹುಳಿ ಬಂದ ಜೇನು ಹುಣ್ಣಿಗೆ ಬಿದ್ದರೆ ಉರಿ. ರಿಫ್ರ್ಯಾಕ್ಟೋಮೀಟರ್ ಇದ್ದವರು ನೋಡಿಕೊಳ್ಳಿ, ಇಲ್ಲದವರು ಮುಚ್ಚಳ ತೆಗೆದಾಗ ನೊರೆ, ಹುಳಿ ವಾಸನೆ ಇದೆಯಾ ನೋಡಿ.

ಬಿಳಿ ರಕ್ತಕಣ ತೀರಾ ಕಡಿಮೆ ಇರುವ ದಿನಗಳಲ್ಲಿ ಯಾವ ಹಸಿ ಜೇನೂ ಬೇಡ ಅಂತ ಎಷ್ಟೋ ಡಾಕ್ಟರುಗಳು ಹೇಳ್ತಾರೆ. ಕಾಯಿಸಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ, ಜೇನಿನಲ್ಲಿ ಇರಬಹುದಾದ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಮನೆಯ ಒಲೆಗೆ ಸಾಯಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ದಿನಕ್ಕೆ 60 ಮಿಲಿ ಜೇನು ಅಂದರೆ ಸಣ್ಣ ಲೆಕ್ಕ ಅಲ್ಲ. ರೇಡಿಯೇಷನ್‌ನಿಂದ ಜೊಲ್ಲು ಬತ್ತಿದ ಬಾಯಲ್ಲಿ ಹಲ್ಲೂ ಬೇಗ ಹುಳುಕಾಗುತ್ತೆ. ನಾನು ದೊಡ್ಡಪ್ಪನಿಗೆ ಜೇನು ಕೊಟ್ಟದ್ದು ಡಾಕ್ಟರನ್ನು ಕೇಳಿ, ಅವರು ಸಕ್ಕರೆ, ರಕ್ತ ಎರಡೂ ನೋಡಿ ಸರಿ ಅಂದಮೇಲೆ. ಸ್ವಲ್ಪ ಹೊತ್ತು ಬಿಟ್ಟು ಬರೀ ನೀರಲ್ಲಿ ಮುಕ್ಕಳಿಸುವುದನ್ನೂ ರೂಢಿ ಮಾಡಿಸಿದೆ. ಗಂಟಲು ಜಾರ್‍ತದೆ ಅಂತ ಅವರೇ ಹೇಳ್ತಿದ್ದರು. ಜೇನಿನಿಂದಲೋ, ಮುಕ್ಕಳಿಸಿದ್ದರಿಂದಲೋ, ಎರಡರಿಂದಲೋ, ಒಬ್ಬ ಮನುಷ್ಯನ ಮೇಲೆ ನೋಡಿ ತೀರ್ಮಾನ ಮಾಡೋಕಾಗಲ್ಲ.

ಸಾವಯವ ಅಂದಮಾತ್ರಕ್ಕೆ ಸ್ವಚ್ಛ ಅಲ್ಲ

ಇದನ್ನು ನಾನು ಹೇಳ್ಬೇಕು, ಯಾಕಂದರೆ ನಾನೇ ಸಾವಯವದವನು. ನನ್ನ ಒಂದೆಲಗದ ಪಾತಿಗೆ ಹದಿನೈದು ದಿನಕ್ಕೊಮ್ಮೆ ಜೀವಾಮೃತ ಹೋಗುತ್ತೆ. ಜೀವಾಮೃತ ಅಂದರೆ ಸಗಣಿ, ಗೋಮೂತ್ರ, ಬೆಲ್ಲ, ಬೇಳೆ ಹಿಟ್ಟು ಕೊಳೆಸಿದ ನೀರು, ಅಂದರೆ ಸೂಕ್ಷ್ಮಾಣುಗಳ ಜಾತ್ರೆ. ಮಣ್ಣಿಗೆ ಅದೇ ಬೇಕು. ಆದರೆ ಒಂದೆಲಗ ನೆಲಕ್ಕೆ ಹಬ್ಬಿ ಬೆಳೆಯುವ ಬಳ್ಳಿ, ಎಲೆ ಮಣ್ಣಿಗೆ ತಾಗಿಯೇ ಇರುತ್ತೆ. ಆ ಎಲೆಯನ್ನು ಹಸಿಯಾಗಿ ಅರೆದು ತಂಬುಳಿ ಮಾಡಿ ಕಿಮೋ ರೋಗಿಗೆ ಕೊಟ್ಟರೆ, ತೊಗಟೆ ಸುಲಿದ ಕೊಂಬೆಗೆ ಸಗಣಿ ನೀರು ಹೊಯ್ದ ಹಾಗೆ. ಯೂರಿಯಾ ಹಾಕಿದ ಪಾತಿಯಾದರೂ ಸರಿಯೇ ಅಂತಲ್ಲ. ಹಸಿ ಎಲೆ ಯಾವುದಾದರೂ ಈ ದಿನಗಳಲ್ಲಿ ಬೇಯಲೇಬೇಕು.

ನಮ್ಮ ಮನೆಯಲ್ಲಿ ಮಾಡಿದ ತಂಬುಳಿ ಹೀಗೆ: ಒಂದೆಲಗವನ್ನು ಮೂರು ನೀರಲ್ಲಿ ತೊಳೆದು, ಕುದಿಯುವ ನೀರಲ್ಲಿ ಮೂರ್ನಾಲ್ಕು ನಿಮಿಷ ಬೇಯಿಸಿ, ಆಗಷ್ಟೇ ಒಡೆದ ಕಾಯಿಯ ತುರಿ ಜೊತೆ ನುಣ್ಣಗೆ ಅರೆದು, ಜರಡಿಯಲ್ಲಿ ಸೋಸಿ, ಕಾಯಿಸಿದ ಹಾಲಿನ ಹುಳಿಯಿಲ್ಲದ ಮೊಸರಿಗೆ ಬೆರೆಸೋದು. ಕಾಳುಮೆಣಸಿಲ್ಲ, ಒಗ್ಗರಣೆಯ ಮೆಣಸಿನಕಾಯಿ ಇಲ್ಲ. ಆಗ ಮಾಡಿ ಆಗಲೇ ಮುಗಿಸೋದು. "ಇದೆಂಥ ತಂಬುಳಿ" ಅಂತ ದೊಡ್ಡಮ್ಮನೇ ಮೂಗು ಮುರಿದರು. ದೊಡ್ಡಪ್ಪ ಎರಡು ಲೋಟ ಕುಡಿದರು.

ಉಳಿದ ಊಟ ದಿನಕ್ಕೆ ಆರೇಳು ಸಲ, ಸ್ವಲ್ಪ ಸ್ವಲ್ಪ. ಕುಚಲಕ್ಕಿ ಗಂಜಿಗೆ ಹೆಸರುಬೇಳೆ ಹಾಕಿ ಕರಗುವಷ್ಟು ಬೇಯಿಸಿ, ಅರೆದು, ಮೇಲೆ ತುಪ್ಪ. ರಾಗಿ ಮಣ್ಣಿ. ಪೂರ್ತಿ ಬೆಂದ ಮೊಟ್ಟೆ ಹಿಸುಕಿದ್ದು. ಬೆಂದ ಬೂದುಗುಂಬಳ. ಕಳಿತ ಬಾಳೆಹಣ್ಣು, ಪಪ್ಪಾಯಿ. ಎಲ್ಲಾ ಉಗುರುಬೆಚ್ಚಗೆ ಅಥವಾ ತಣ್ಣಗೆ. ಬಿಸಿ ಆವಿ ಏಳುವುದು ಬೇಡ. ಎಳನೀರು ಒಳ್ಳೆಯದೇ, ಆದರೆ ಸಿಸ್‌ಪ್ಲಾಟಿನ್‌ನಂಥ ಔಷಧಿಯಿಂದ ಕಿಡ್ನಿಗೆ ಪೆಟ್ಟು ಬಿದ್ದವರಿಗೆ ಅದರ ಪೊಟ್ಯಾಶಿಯಂ ಹೆಚ್ಚಾಗಬಹುದು, ಕೇಳಿ ಕೊಡಿ.

ನಮ್ಮ ಜೋಯಿಡಾದ ಗೆಡ್ಡೆಗಳ ಬಗ್ಗೆ ಒಂದು ಎಚ್ಚರಿಕೆ. ಗೆಡ್ಡೆ ಮೇಳಕ್ಕೆ ಹೋದವರಿಗೆಲ್ಲಾ ಮುಡ್ಲಿಯ ರುಚಿ ಗೊತ್ತು. ಮುಡ್ಲಿ, ಕೆಸು, ಸುವರ್ಣಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವೆ, ಗಂಟಲು ತುರಿಸೋದು ಅದರಿಂದಲೇ. ತುರಿಕೆಗೆ ನಾವು ಹುಣಸೆ ಹಾಕ್ತೀವಿ, ಆ ಹುಳಿಯೂ ಹುಣ್ಣಿಗೆ ಆಗಲ್ಲ. ಹಾಗಾಗಿ ಗೆಡ್ಡೆ ಕೊಡಲೇಬೇಕು ಅನ್ನಿಸಿದರೆ ಸಿಹಿಗೆಣಸು ಬೇಯಿಸಿ ಹಿಸುಕಿ ಕೊಡಿ. ಅನಾನಸ್ಸಿನ ಹೋಳು ಚೀಪಿಸಿ ಅನ್ನುವ ಸಲಹೆಯೂ ಓಡಾಡುತ್ತೆ. ಅದರ ಹುಳಿ ಒಂದು ಕಡೆ, ಮಾಂಸವನ್ನೇ ಮೆದು ಮಾಡುವ ಬ್ರೊಮೆಲೈನ್ ಇನ್ನೊಂದು ಕಡೆ. ಗಟ್ಟಿ ಬಾಯಿಯವರಿಗೇ ಜಾಸ್ತಿ ತಿಂದರೆ ನಾಲಿಗೆ ಸುಲಿದ ಹಾಗಾಗುತ್ತೆ. ಮುರುಗಲು ಸಾರು, ನಿಂಬೆ, ಟೊಮೆಟೊ ಎಲ್ಲಾ ಸದ್ಯಕ್ಕೆ ಕಟ್. ಮುರುಗಲು ತುಪ್ಪ ಮಾತ್ರ ಒಡೆದ ತುಟಿಗೆ ಚೆನ್ನ, ಶುದ್ಧವಾಗಿ ಕಾಸಿದ್ದಾದರೆ. ಮುಖಕ್ಕೆ ರೇಡಿಯೇಷನ್ ಇದ್ದರೆ ಸಿಟ್ಟಿಂಗ್‌ಗೆ ಮುಂಚೆ ಜಿಡ್ಡು ಹಚ್ಚಬೇಡಿ, ರಾತ್ರಿ ಹಚ್ಚಬಹುದಾ ಅಂತ ಅಲ್ಲಿನ ಸಿಸ್ಟರನ್ನು ಕೇಳಿ.

ಅರಿಶಿನ? ಅರಿಶಿನದ ಮುಕ್ಕಳಿಕೆ ಮೇಲೆ ಸಣ್ಣ ಸಣ್ಣ ಪರೀಕ್ಷೆಗಳಾಗಿವೆ, ಜೇನಿನಷ್ಟು ಕೂಡ ಆಧಾರ ಇಲ್ಲ. ಹಾಲಿಗೆ ಚಿಟಿಕೆ ಹಾಕೋದು ಊಟದ ಲೆಕ್ಕ. ಕರ್ಕ್ಯುಮಿನ್ ಮಾತ್ರೆ ನುಂಗಿಸೋದು ಔಷಧಿಯ ಲೆಕ್ಕ, ಕೆಲವು ಕಿಮೋ ಔಷಧಿಗೆ ಅಡ್ಡ ಬರಬಹುದು, ಹೇಳದೆ ಕೊಡಬೇಡಿ. ಪೇರಲೆ ಚಿಗುರು, ಜಾಜಿ ಎಲೆ ಅಗಿಯೋದು ಉಷ್ಣದ ಸಾಮಾನ್ಯ ಹುಣ್ಣಿಗೆ ನಮ್ಮ ಅಜ್ಜಿಯರ ಮದ್ದು. ಇಲ್ಲಿ ಒರಟು ಎಲೆ ಅಗಿಯುವುದೇ ಇನ್ನೊಂದು ಗಾಯ. ಲವಂಗದ ಎಣ್ಣೆ, ಪಟಿಕ, ಸುಣ್ಣ ಹತ್ತಿರಕ್ಕೂ ತರಬೇಡಿ.

ಮಂಜುಗಡ್ಡೆ

ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 5-ಎಫ್‌ಯು ಅನ್ನುವ ಕಿಮೋ ಔಷಧಿಯನ್ನು ಒಂದೇ ಸಲ ಚುಚ್ಚುವಾಗ, ಶುರುವಿನಿಂದ ಅರ್ಧ ಗಂಟೆ ಬಾಯಲ್ಲಿ ಮಂಜುಗಡ್ಡೆಯ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆ. ತಣ್ಣಗಾದ ಬಾಯಿಗೆ ರಕ್ತ ಕಡಿಮೆ ಹರಿಯುತ್ತೆ, ರಕ್ತದ ಜೊತೆ ಬರುವ ಔಷಧಿಯೂ ಕಡಿಮೆ ತಾಗುತ್ತೆ, ಅಷ್ಟೇ ಲೆಕ್ಕ. ಇದಕ್ಕೆ ತಜ್ಞರ ಶಿಫಾರಸೂ ಇದೆ. ಕುದಿಸಿ ಆರಿಸಿದ ನೀರಿನದೇ ಮಂಜುಗಡ್ಡೆ ಇರಲಿ, ಫ್ಲಾಸ್ಕಲ್ಲಿ ಒಯ್ಯಿರಿ. ಆದರೆ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ನಡೀತಿದ್ದರೆ ತಣ್ಣನೆಯದು ತಾಗಿದರೂ ಗಂಟಲು ಹಿಡಿಯುತ್ತೆ, ಮಂಜುಗಡ್ಡೆ ಬೇಡವೇ ಬೇಡ. ಚೀಟಿಯಲ್ಲಿ ಔಷಧಿಯ ಹೆಸರು ಓದಿ, ಫೋಟೋ ಹೊಡೆದು ಮೊಬೈಲಲ್ಲಿ ಇಟ್ಕೊಳ್ಳಿ.

ಮೊಬೈಲಲ್ಲಿ ಆಸ್ಪತ್ರೆಯ ತುರ್ತು ನಂಬರೂ ಇರಲಿ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕಿಮೋ ರೋಗಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅಳೆಯದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಅಡಗಿಸಬೇಡಿ. ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಥೆರಪಿ ಆಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇರಲಿ, ಬೆಂಗಳೂರಿನ ಕಿದ್ವಾಯಿ ಇರಲಿ, ನಮ್ಮ ಕಾಡಿನೊಳಗಿಂದ ಎಲ್ಲವೂ ದೂರ. ರಾತ್ರಿ ಹೊರಡೋಕೆ ಯಾರ ಗಾಡಿ ಅನ್ನೋದನ್ನ ಮೊದಲೇ ಮಾತಾಡಿಟ್ಟುಕೊಳ್ಳಿ. ಇಡೀ ದಿನ ನೀರು ಇಳಿಯದಿದ್ದರೆ, ಮೂತ್ರ ಕಡಿಮೆಯಾದರೆ, ಬಾಯಿಂದ ರಕ್ತ ನಿಲ್ಲದಿದ್ದರೆ ಆಗಲೂ ಹಾಗೆಯೇ. ಒರೆಸಿದರೆ ಕಿತ್ತು ಬರುವ ಮೊಸರಿನಂಥ ಬಿಳಿ ಕಲೆ ಕಂಡರೆ ಅದು ಶಿಲೀಂಧ್ರ ಇರಬಹುದು. ನಮ್ಮ ಬೆಳೆಗೆ ಬಂದ ಹಾಗೇ, ಅದಕ್ಕೆ ಶಿಲೀಂಧ್ರದ ಔಷಧಿಯೇ ಬೇಕು, ಜೇನಲ್ಲ.

ನೋವಿಗೆ ಡಾಕ್ಟರು ಮಾರ್ಫಿನ್ ಬರೆದರೆ ಚಟ ಹಿಡಿಯುತ್ತೆ ಅಂತ ಹೆದರಿ ಡಬ್ಬಿಯನ್ನು ಕಪಾಟಿನಲ್ಲಿ ಇಡುವವರಿದ್ದಾರೆ. ಅವರು ಹೇಳಿದ ಪ್ರಮಾಣದಲ್ಲಿ ಕೊಡಿ, ನೋವು ಇಳಿದರೇ ಊಟ ಇಳಿಯೋದು. ಮೂಗಿನ ನಳಿಕೆಯೂ ಅಷ್ಟೇ. ಐದನೇ ವಾರ ದೊಡ್ಡಪ್ಪನಿಗೆ ನಳಿಕೆ ಹಾಕಬೇಕು ಅಂದಾಗ ಮನೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತರು, ಮುಗೀತು ಅನ್ನೋ ಹಾಗೆ. ಅವರೂ ಗೋಡೆ ಕಡೆ ಮುಖ ಮಾಡಿದರು. "ಸಸಿಗೆ ಡ್ರಿಪ್ ಹಾಕಲ್ವಾ ದೊಡ್ಡಪ್ಪಾ, ಬೇರು ಹಿಡಿಯೋವರೆಗೆ ತಾನೇ" ಅಂದೆ. ನಗಲಿಲ್ಲ, ಆದರೆ ತಲೆಯಾಡಿಸಿದರು. ಮೂರು ವಾರ ನಳಿಕೆ ಇತ್ತು. ಒಂದು ಸಿಟ್ಟಿಂಗ್ ಕೂಡ ತಪ್ಪಲಿಲ್ಲ.

ಕವಳದ ಮಾತು ಬಿಟ್ಟರೆ ಲೇಖನ ಸುಳ್ಳಾಗುತ್ತೆ. ದೊಡ್ಡಪ್ಪ ನಲವತ್ತು ವರ್ಷ ಅದೇ ಕೆನ್ನೆಯಲ್ಲಿ ಕವಳ ಇಟ್ಟವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾನೂ ಅರ್ಧ ಎಕರೆ ಅಡಿಕೆ ಇಟ್ಟವನೇ, ಅದರ ದುಡ್ಡಲ್ಲೇ ಹುಬ್ಬಳ್ಳಿಯ ಕೋಣೆ ಬಾಡಿಗೆ ಕಟ್ಟಿದ್ದು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚಿಕಿತ್ಸೆ ನಡೆಯುವಾಗ, ಮುಗಿದ ಮೇಲೆ, ಮನೆಯ ಕವಳದ ಬಟ್ಟಲನ್ನು ಅಟ್ಟಕ್ಕೆ ಹಾಕಿ ಅಂತ ಮಾತ್ರ ಹೇಳಬಲ್ಲೆ. ರೋಗಿಯ ಎದುರು ನೀವೂ ಹಾಕಬೇಡಿ.

ಮುಂಡಗೋಡದ ಹುಡುಗ ಅಮ್ಮನನ್ನು ಮರುದಿನವೇ ತೋರಿಸಿದ. ರಕ್ತಕಣ ಕಡಿಮೆ ಇತ್ತಂತೆ, ಎರಡು ದಿನ ಅಡ್ಮಿಟ್ ಮಾಡಿಕೊಂಡರು. ಜೇನು ಸದ್ಯಕ್ಕೆ ಬೇಡ ಅಂದಿದ್ದಾರೆ. ಮನೆಗೆ ಬಂದಮೇಲೆ ಕೆಳಗೆ ಬಸ್ಸಿಗೆ ನಾನು ಹಾಕಿ ಕಳಿಸಿದ್ದು ಒಂದು ಬೂದುಗುಂಬಳ, ಎರಡು ಸೇರು ಕುಚಲಕ್ಕಿ. "ಇಷ್ಟೇನಾ ಅಣ್ಣಾ?" ಅಂದ. ಇಷ್ಟೇ ಅಂದೆ. ಬೇಯಿಸೋದು ಹೇಗೆ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದೀನಿ.